ಮೈನ್‌ಕ್ರಾಫ್ಟ್ ಕುದುರೆ ಹಿಂಡು: ಬಯಲಲ್ಲಿ ಹುಡುಕದೆ, ಮರಿ ಮಾಡಿಸಿಯೇ ವೇಗ ತಂದ ನನ್ನ ಅನುಭವ

"ಮರಿ ಮಾಡಿಸಿದರೆ ಒಳ್ಳೆ ಕುದುರೆ ಬರಲ್ಲ, ಸುಮ್ನೆ ಚಿನ್ನ ಹಾಳು. ಬಯಲಲ್ಲಿ ಹುಡುಕಿ ಹಿಡಿ." ನಮ್ಮ ಸರ್ವರಿನಲ್ಲಿ ಹೊಸಬರಿಗೆ ಈಗಲೂ ಇದನ್ನೇ ಹೇಳುತ್ತಾರೆ. ನನಗೂ ಹೇಳಿದ್ದರು. ಈಗ ನನ್ನ ಲಾಯದಲ್ಲಿ ಸೆಕೆಂಡಿಗೆ 14 ಬ್ಲಾಕ್ (ಈ ಆಟದ ಲೋಕ ಕಟ್ಟಿರುವ ಚೌಕ ತುಂಡು, ಅಳತೆಯೂ ಅದೇ) ಹತ್ತಿರ ಓಡುವ ಕುದುರೆಗಳು ಐದಾರಿವೆ. ಅವುಗಳಲ್ಲಿ ಒಂದನ್ನೂ ಬಯಲಲ್ಲಿ ಹಿಡಿದಿದ್ದಲ್ಲ. ಎಲ್ಲವೂ ನನ್ನ ಬೇಲಿಯೊಳಗೇ ಹುಟ್ಟಿದವು. ಹಾಗಾಗಿ ಹೇಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ. ಆಡುವುದು ಜಾವಾ ಆವೃತ್ತಿ, ಮಾಡ್ (ಆಟಕ್ಕೆ ಹೊರಗಿನವರು ಮಾಡಿದ ಮಾರ್ಪಾಡು) ಯಾವುದೂ ಇಲ್ಲ.

ಹಳಬರು ಹೇಳುವುದು ಸುಳ್ಳಲ್ಲ, ಅದರ ಕಾಲ ಮುಗಿದಿದೆ ಅಷ್ಟೆ. 2023ರ ಮಾರ್ಚಿನಲ್ಲಿ ಆಟದ 1.19.4 ಅಪ್‌ಡೇಟ್ ಬರುವವರೆಗೆ ಮರಿಯ ಗುಣ (ವೇಗ, ನೆಗೆತ, ಹೃದಯ ಅಂದರೆ ಪ್ರಾಣಬಲ) ನಿಂತಿದ್ದು ಮೂರು ಪಾಲಿನ ಮೇಲೆ. ಒಂದು ಪಾಲು ತಾಯಿಯದು, ಒಂದು ತಂದೆಯದು, ಇನ್ನೊಂದು ಆಟ ತಾನೇ ಎತ್ತಿಕೊಂಡ ಯಾವುದೋ ಒಂದು ಸಂಖ್ಯೆ. ಜೋಡಿ ಎಷ್ಟೇ ಚೆನ್ನಾಗಿರಲಿ, ಆ ಮೂರನೇ ಪಾಲು ಮರಿಯನ್ನು ಸಾಧಾರಣದ ಕಡೆಗೆ ಎಳೆಯುತ್ತಿತ್ತು. ಆಗ ನನ್ನ ಹಳೇ ವರ್ಲ್ಡ್‌ನಲ್ಲಿ ಕುದುರೆಗಳನ್ನು ಕೂಡಿಸಲು ತಿನ್ನಿಸುವ ಗೋಲ್ಡನ್ ಕ್ಯಾರೆಟ್ (ಚಿನ್ನ ಸೇರಿಸಿ ಮಾಡಿದ ಕ್ಯಾರೆಟ್) ಎರಡು ಮೂರು ಸ್ಟ್ಯಾಕ್ (64ರ ಕಟ್ಟು) ಸುರಿದೆ. ಕುದುರೆಗಳು 12ರ ಆಸುಪಾಸಿನಲ್ಲೇ ಸುತ್ತುತ್ತಿದ್ದವು. 12.5 ದಾಟಿದ ಒಂದು ಕುದುರೆ ಬಂದರೆ ಅದರ ಮರಿಗಳೆಲ್ಲ ಮತ್ತೆ ಕೆಳಗೆ. ಇಡೀ ಒಂದು ವಾರದ ಚಿನ್ನ ಹೋಗಿ, ಶುರು ಮಾಡಿದ ಜಾಗಕ್ಕೇ ಬಂದು ನಿಲ್ಲುತ್ತಿದ್ದೆ.

ಈಗ ಆ ಮೂರನೇ ಪಾಲು ಇಲ್ಲ. ಮರಿ ತಂದೆತಾಯಿಯ ಸರಾಸರಿಯ ಸುತ್ತ ಬೀಳುತ್ತದೆ, ಸ್ವಲ್ಪ ಮೇಲೆ ಅಥವಾ ಸ್ವಲ್ಪ ಕೆಳಗೆ. ಹೆಚ್ಚೆಂದರೆ ಎಷ್ಟು ಮೇಲೆ? ಜೋಡಿಯಲ್ಲಿ ಯಾವುದು ಚೆನ್ನಾಗಿದೆಯೋ ಅದಕ್ಕಿಂತ, ಆ ಗುಣದ ಪೂರ್ತಿ ವ್ಯಾಪ್ತಿಯ 15%ರಷ್ಟು. ವೇಗದಲ್ಲಿ ಅದು ಸೆಕೆಂಡಿಗೆ 1.4 ಬ್ಲಾಕ್ ಆಗುತ್ತದೆ. ಆದರೆ ಅಷ್ಟು ಜಿಗಿತ ತುಂಬಾ ಅಪರೂಪ. ನನ್ನ ಅನುಭವದಲ್ಲಿ ಏಳೆಂಟು ಮರಿಗಳಲ್ಲಿ ಚೆನ್ನಾಗಿರುವುದು ಜೋಡಿಗಿಂತ ಅರ್ಧ ಬ್ಲಾಕಿನಷ್ಟು ಮುಂದಿರುತ್ತದೆ. ಆ ಅರ್ಧ ಬ್ಲಾಕನ್ನು ಬಿಡದೆ ಕೂಡಿಸುತ್ತಾ ಹೋಗುವುದೇ ನಾನು ಮಾಡಿದ ಕೆಲಸ.

ಮೊದಲು ಬಯಲು ಮತ್ತು ಸವಾನಾ ಸುತ್ತಿ ಇಪ್ಪತ್ತೈದರಷ್ಟು ಕುದುರೆ ಪಳಗಿಸಿದೆ. ಇಟ್ಟುಕೊಂಡಿದ್ದು ನಾಲ್ಕು. ಇಲ್ಲಿಯೇ ಹೊಸಬರು ಸೋಲುತ್ತಾರೆ. ಬಣ್ಣ ಚೆನ್ನಾಗಿದೆ ಅಂತ, ಹೆಸರಿಟ್ಟಾಗಿದೆ ಅಂತ ಎಲ್ಲವನ್ನೂ ಇಟ್ಟುಕೊಳ್ಳುತ್ತಾರೆ. ನಿಧಾನದ ಕುದುರೆ ಹಿಂಡಿನಲ್ಲಿ ಇರುವುದರಿಂದ ನಷ್ಟವಿಲ್ಲ, ಅದಕ್ಕೆ ಕ್ಯಾರೆಟ್ ತಿನ್ನಿಸಿದಾಗ ನಷ್ಟ. 13ರ ಕುದುರೆಗೆ 9ರ ಜೋಡಿ ಕಟ್ಟಿದರೆ ಮೇಲಿನ ಮಿತಿ ಬದಲಾಗುವುದಿಲ್ಲ, ಆದರೆ ಮರಿಗಳು ಬೀಳುವುದು 11ರ ಸುತ್ತ. 13ಕ್ಕೆ 13 ಕಟ್ಟಿದರೆ ಹೆಚ್ಚು ಕಡಿಮೆ ಅರ್ಧ ಮರಿಗಳು 13ರ ಮೇಲೇ ಇರುತ್ತವೆ. ಈ ಆಟದಲ್ಲಿ ಕುದುರೆಗೆ ಗಂಡು ಹೆಣ್ಣು ಇಲ್ಲ, ಒಡಹುಟ್ಟಿದವುಗಳನ್ನು ಕೂಡಿಸಿದರೂ ತೊಂದರೆ ಇಲ್ಲ. ಆದ್ದರಿಂದ ಒಂದೇ ತಾಯಿಯ ಅತ್ಯುತ್ತಮ ಎರಡು ಮರಿಗಳೇ ಮುಂದಿನ ಜೋಡಿ. ಇದನ್ನು ಕೇಳಿ ನಮ್ಮವರು ಮೂಗು ಮುರಿದರು. ನಾನು ನಿಲ್ಲಿಸಲಿಲ್ಲ.

ಅಳತೆಯ ವಿಷಯಕ್ಕೆ ಬರೋಣ. ಎಲ್ಲಕ್ಕಿಂತ ಜಾಸ್ತಿ ಸಮಯ ಹೋಗಿದ್ದು ಇದಕ್ಕೇ. ಹತ್ತಿ ಕೂತರೆ ಹೃದಯಗಳು ಕಾಣುತ್ತವೆ, ಏಳೂವರೆಯಿಂದ ಹದಿನೈದರವರೆಗೆ. ಅದಕ್ಕೆ ಬೇರೆ ಪರೀಕ್ಷೆ ಬೇಡ. ನೆಗೆತಕ್ಕೆ ಎರಡು, ಮೂರು, ನಾಲ್ಕು, ಐದು ಬ್ಲಾಕ್ ಎತ್ತರದ ಗೋಡೆಗಳನ್ನು ಸಾಲಾಗಿ ಕಟ್ಟಿದ್ದೇನೆ. ಕಾಡು ಕುದುರೆಗಳಲ್ಲಿ ನಾಲ್ಕರ ಗೋಡೆ ದಾಟುವವೇ ಕಡಿಮೆ. ನೆಗೆತದ ಬಲ ತೋರಿಸುವ ಬಾರ್ ತುಂಬಿದ ಕ್ಷಣಕ್ಕೇ ಕೀ ಬಿಡಬೇಕು. ಹಿಡಿದುಕೊಂಡೇ ಇದ್ದರೆ ಬಲ ಮತ್ತೆ ಇಳಿಯುತ್ತದೆ. ಎಷ್ಟೋ ಜನ ಒಳ್ಳೆ ನೆಗೆತದ ಕುದುರೆಯನ್ನು ಇದೇ ಕಾರಣಕ್ಕೆ ಕೈಬಿಡುತ್ತಾರೆ.

ವೇಗಕ್ಕೆ ಮೊದಲು 100 ಬ್ಲಾಕಿನ ನೇರ ಓಟದ ದಾರಿ ಇತ್ತು, ಕೈಯಲ್ಲಿ ಫೋನಿನ ಸ್ಟಾಪ್‌ವಾಚ್. ಕಾಡು ಕುದುರೆಗಳನ್ನು ಜರಡಿ ಹಿಡಿಯಲು ಅದು ಸಾಕು. ಆದರೆ 13 ದಾಟಿದ ಮೇಲೆ ಕೆಲಸಕ್ಕೆ ಬರಲಿಲ್ಲ. 13ಕ್ಕೂ 13.5ಕ್ಕೂ ಅಲ್ಲಿ ಕಾಲು ಸೆಕೆಂಡಿನ ವ್ಯತ್ಯಾಸ, ನನ್ನ ಬೆರಳು ಅಷ್ಟು ಚುರುಕಿಲ್ಲ. ಆ ಹಂತದಲ್ಲಿ ಎರಡು ತಲೆಮಾರು ಒಂದಿಂಚೂ ಮುಂದೆ ಹೋಗಲಿಲ್ಲ. "ನೋಡು, ನಾವು ಹೇಳಲಿಲ್ವಾ" ಅಂದರು. ದಾರಿಯನ್ನು 300 ಬ್ಲಾಕಿಗೆ ಉದ್ದ ಮಾಡಿದೆ. ಅದೇ ವ್ಯತ್ಯಾಸ ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ ಆಯಿತು, ಒಳ್ಳೆಯದು ಕೆಟ್ಟದ್ದು ಕಣ್ಣಿಗೆ ಕಂಡಿತು. ಹಿಂಡು ಮತ್ತೆ ಮೇಲೇರಿತು. ಸರ್ವರ್‌ನಲ್ಲಿ ಜನ ಜಾಸ್ತಿ ಇದ್ದು ಲ್ಯಾಗ್ ಆಗುವ ಹೊತ್ತಿನಲ್ಲಿ ಅಳೆಯಬೇಡಿ. ನಾನು ತಡರಾತ್ರಿ ಅಳೆಯುತ್ತೇನೆ, ಪ್ರತಿ ಕುದುರೆಗೂ ಮೂರು ಓಟ, ನಡುವಿನ ಅಂಕಿ ಲೆಕ್ಕಕ್ಕೆ.

ಇನ್ನು ದುಡ್ಡು, ಅಂದರೆ ಚಿನ್ನ. ಗೋಲ್ಡನ್ ಆಪಲ್‌ನಿಂದ ಮರಿ ಮಾಡಿಸುವವರನ್ನು ಈಗಲೂ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಒಂದು ಆಪಲ್‌ಗೆ ಎಂಟು ಇಂಗಾಟ್ (ಚಿನ್ನದ ಗಟ್ಟಿ), ಜೋಡಿಗೆ ಹದಿನಾರು. ಗೋಲ್ಡನ್ ಕ್ಯಾರೆಟ್‌ಗೆ ಎಂಟು ನಗೆಟ್ (ಚಿನ್ನದ ಚೂರು, ಒಂಬತ್ತು ಸೇರಿದರೆ ಒಂದು ಇಂಗಾಟ್), ಅಂದರೆ ಒಂದು ಇಂಗಾಟ್‌ಗೂ ಕಡಿಮೆ. ಕೆಲಸ ಎರಡೂ ಒಂದೇ. ಎಂಟು ಮರಿಗಳ ಒಂದು ತಲೆಮಾರಿಗೆ ಹದಿನಾರು ಕ್ಯಾರೆಟ್, ಹೆಚ್ಚು ಕಡಿಮೆ ಹದಿನಾಲ್ಕು ಇಂಗಾಟ್. ಅದೂ ಬೇಡ ಅಂದರೆ ಮಾಸ್ಟರ್ ಮಟ್ಟದ ಫಾರ್ಮರ್ ಹಳ್ಳಿಗ ಮೂರು ಎಮರಾಲ್ಡ್‌ಗೆ (ಹಳ್ಳಿಗರ ವ್ಯಾಪಾರದಲ್ಲಿ ಹಣದಂತೆ ನಡೆಯುವ ಪಚ್ಚೆ) ಮೂರು ಗೋಲ್ಡನ್ ಕ್ಯಾರೆಟ್ ಕೊಡುತ್ತಾನೆ. ಅವನಿಗೇ ಗೋಧಿ, ಆಲೂಗಡ್ಡೆ, ಕುಂಬಳಕಾಯಿ ಮಾರಿ ಎಮರಾಲ್ಡ್ ಪಡೆಯುವುದು. ಕೊನೆಯ ನಾಲ್ಕೈದು ತಲೆಮಾರಿಗೆ ನಾನು ಗಣಿಗೆ ಇಳಿಯಲೇ ಇಲ್ಲ.

ಮರಿ ತಾನಾಗಿ ಬೆಳೆಯಲು 20 ನಿಮಿಷ ಬೇಕು. ಒಂದು ಹೇ ಬೇಲ್ (ಒಂಬತ್ತು ಗೋಧಿಯಿಂದ ಮಾಡುವ ಮೇವಿನ ಕಟ್ಟು) ತಿನ್ನಿಸಿದರೆ 3 ನಿಮಿಷ ಕಡಿಮೆ. ಹುಟ್ಟಿದ ಕೂಡಲೇ ತಿನ್ನಿಸಲು ನಿಂತರೆ ಮರಿಗೆ ಏಳು ಬೇಲ್, ಅಂದರೆ 63 ಗೋಧಿ. ನಾನು ಎಲ್ಲ ಮರಿಗಳಿಗೂ ತಿನ್ನಿಸುವುದಿಲ್ಲ. ಜೋಡಿ ಮತ್ತೆ ಕೂಡಲು 5 ನಿಮಿಷ ಬೇಕು, ಅಲ್ವಾ? ಒಂದೇ ಜೋಡಿಯಿಂದ ಎಂಟನೇ ಮರಿ ಹುಟ್ಟುವ ಹೊತ್ತಿಗೆ ಮೊದಲ ನಾಲ್ಕು ತಾವಾಗಿಯೇ ಬೆಳೆದು ನಿಂತಿರುತ್ತವೆ. ಬೇಲ್ ಕೊನೆಯವಕ್ಕೆ ಮಾತ್ರ. ಮೊದಲು ಬೆಳೆದವನ್ನು ಅಷ್ಟರಲ್ಲಿ ಪಳಗಿಸಿ ಓಡಿಸಿ ನೋಡಬಹುದು. ಮರಿಗೆ ಗೋಲ್ಡನ್ ಕ್ಯಾರೆಟ್ ತಿನ್ನಿಸಿದರೆ ಕಡಿಮೆಯಾಗುವುದು ಒಂದೇ ನಿಮಿಷ. ದಯವಿಟ್ಟು ಹಾಗೆ ಮಾಡಬೇಡಿ.

ಮೂರೂ ಗುಣಗಳನ್ನು ಒಟ್ಟಿಗೆ ಬೆನ್ನಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಟ್ಟು ಅಂಕ ಹಾಕಿ ಆರಿಸಲು ಹೋದಾಗ ಮೂರೂ ತೆವಳುತ್ತವೆ. ನಾನು ಮೊದಲು ವೇಗ ಒಂದನ್ನೇ ನೋಡಿದೆ, ನೆಗೆತ ಮೂರಕ್ಕಿಂತ ಕೆಳಗಿಳಿಯದಂತೆ ಕಾದುಕೊಂಡೆ. ವೇಗ 13.5 ದಾಟಿದ ಮೇಲೆ ನೆಗೆತ. ಹೃದಯ ಕೊನೆಗೆ. ಒಟ್ಟು ಒಂಬತ್ತು ಹತ್ತು ತಲೆಮಾರು ಹಿಡಿಯಿತು ಅನ್ನಿಸುತ್ತದೆ. ತುದಿಯಲ್ಲಿ ಒಂದು ತೊಡಕಿದೆ. ಗರಿಷ್ಠ ವೇಗ 14.23, ಲೆಕ್ಕ ಅದನ್ನು ಮೀರಿದರೆ ಗೋಡೆಗೆ ಬಡಿದ ಚೆಂಡಿನ ಹಾಗೆ ಅಷ್ಟೇ ಹಿಂದಕ್ಕೆ ಬರುತ್ತದೆ. ಹಾಗಾಗಿ 14ರ ಜೋಡಿಯ ಮರಿಗಳಲ್ಲಿ ಕೆಲವು 13.7ಕ್ಕೆ ಇಳಿಯುವುದು ಸಹಜ, ಗಾಬರಿ ಬೇಡ. ಆ ಹಂತದಲ್ಲಿ ಜೋಡಿ ಆರಿಸುವ ನನ್ನದೊಂದು ಕ್ರಮ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಮುಂದಿನ ರೇಸ್ ಮುಗಿಯಲಿ.

ನಡುವೆ ಒಬ್ಬರು ಮಚ್ಚೆಯಿಲ್ಲದ ಬಿಳಿ ಕುದುರೆ ಬೇಕು, ಓಟವೂ ಬೇಕು ಅಂದರು. ಏಳು ಬಣ್ಣ, ಐದು ಗುರುತು, ಒಟ್ಟು 35 ಬಗೆ. ಮರಿಗೆ ತಂದೆ ಅಥವಾ ತಾಯಿಯ ಬಣ್ಣ ಬರುವ ಅವಕಾಶ 9ರಲ್ಲಿ ನಾಲ್ಕು ನಾಲ್ಕು, ಉಳಿದ ಒಂದರಲ್ಲಿ ಯಾವ ಬಣ್ಣವೂ ಬರಬಹುದು. 9ರ ಆಸುಪಾಸು ಓಡುವ ಒಂದು ಬಿಳಿ ಕುದುರೆಯನ್ನು ನನ್ನ ವೇಗದ ಸಾಲಿಗೆ ಕೂಡಿಸಿದೆ. ಮೊದಲ ಬಿಳಿ ಮರಿಗಳು ಸಾಧಾರಣ. ಪ್ರತಿ ಸಲವೂ ಬಿಳಿಯದರಲ್ಲಿ ವೇಗದ್ದನ್ನು ಆರಿಸಿ ಮತ್ತೆ ನನ್ನ ಸಾಲಿಗೇ ಕಟ್ಟಿದೆ. ಮೂರು ನಾಲ್ಕು ತಲೆಮಾರಿಗೆ 13.5ರ ಅಪ್ಪಟ ಬಿಳಿ ಕೈಗೆ ಬಂತು. ಹತ್ತು ಹನ್ನೆರಡು ಡೈಮಂಡಿಗೆ ಹೋಯಿತು. ಅದುವರೆಗೆ ನನ್ನನ್ನು ಬೇಡ ಅಂದವರೇ ಆಮೇಲೆ ಎರಡನೇ ದರ್ಜೆಯ ಮರಿಗಳಿಗೆ ಸಾಲು ನಿಂತರು.

ಈಗ ಕತ್ತೆಗಳ ಮೇಲೆ ಕೈ ಇಟ್ಟಿದ್ದೇನೆ. ಕಾಡಿನಲ್ಲಿ ಸಿಗುವ ಕತ್ತೆಗಳ ವೇಗ ಎಲ್ಲದಕ್ಕೂ ಒಂದೇ, ಸೆಕೆಂಡಿಗೆ 7.4 ಬ್ಲಾಕ್, ನೆಗೆತ ಒಂದೂವರೆ ಬ್ಲಾಕ್ ಚಿಲ್ಲರೆ. ಹಾಗಾಗಿ ಅದು ಬದಲಾಗುವುದೇ ಇಲ್ಲ ಅಂತ ಎಲ್ಲರೂ ಬಿಟ್ಟಿದ್ದಾರೆ. ಆದರೆ ಮರಿ ಕತ್ತೆಗೂ ಹೊಸ ಲೆಕ್ಕವೇ ಅನ್ವಯ, ಅದೂ ಏರುತ್ತದೆ. ನನ್ನ ಸಾಲು 9 ದಾಟಿದೆ. ಇದನ್ನು 12ರವರೆಗೆ ತಂದು ನನ್ನ ಕುದುರೆಗಳ ಜೊತೆ ಕೂಡಿಸಿದರೆ, 15 ಅಂಕಣದ ಪೆಟ್ಟಿಗೆ ಹೊತ್ತು 13ರಲ್ಲಿ ಓಡುವ ಹೇಸರಗತ್ತೆ ಬರುತ್ತದೆ. ಹೇಸರಗತ್ತೆಗೆ ಮರಿ ಆಗುವುದಿಲ್ಲ, ಪ್ರತಿಯೊಂದನ್ನೂ ಹೊಸದಾಗಿಯೇ ಹುಟ್ಟಿಸಬೇಕು. ಅದಕ್ಕೇ ಕತ್ತೆಯ ಸಾಲು ಗಟ್ಟಿ ಇರಬೇಕು. ಯಾರ ಹತ್ತಿರವಾದರೂ 9ಕ್ಕಿಂತ ಜಾಸ್ತಿ ಓಡುವ ಕತ್ತೆ ಇದ್ದರೆ ಹೇಳಿ, ಬದಲಿಗೆ 13ರ ಕುದುರೆ ಕೊಡಲು ಸಿದ್ಧ.