ಕಂತು ಮುಗಿದ ದಿನವೇ ಹುಷಾರಾಗಿರಬೇಕು

ನಮ್ಮ ಮನೆಗೆ ಎಷ್ಟು ಸಾಲ ಇದೆ ಅಂತ ಯಾರಾದರೂ ಕೇಳಿದ್ದರೆ ನಾಲ್ಕು ಅನ್ನುತ್ತಿದ್ದೆ. ಕೂತು ಬರೆದಾಗ ಆರಾಯಿತು. ಐದನೆಯದು ನಮ್ಮವರು ಹೊಸ ಫೋನಿಗೆ ಕಟ್ಟುತ್ತಿದ್ದ ಕಂತು, ನನಗೆ ಹೇಳಿರಲಿಲ್ಲ. ಆರನೆಯದು ನಾನು ತಂಗಿಯ ಹತ್ತಿರ ಇಸಕೊಂಡಿದ್ದ ಕೈಸಾಲ, ಅವರಿಗೆ ಹೇಳಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು. ಜಗಳ ಆಡೋಕೂ ಮುಖ ಇರಲಿಲ್ಲ.

ಅದಾಗಿ 38 ತಿಂಗಳು. ಈಗ ಉಳಿದಿರುವುದು ಮನೆ ಸಾಲ ಒಂದೇ. ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಅಂತ ಹೇಳುತ್ತೇನೆ.

ಮೊದಲು ಎಲ್ಲಾ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಒಂದೊಂದರ ಮುಂದೆಯೂ ಬಾಕಿ ಅಸಲು, ವರ್ಷದ ಬಡ್ಡಿ, ತಿಂಗಳ ಕಂತು, ಮುಗಿಯುವ ತಿಂಗಳು, ಬೇಗ ತೀರಿಸಿದರೆ ಬೀಳುವ ಶುಲ್ಕ ಇಷ್ಟಿರಲಿ. ಕಂತನ್ನು ಉಳಿದ ತಿಂಗಳಿಂದ ಗುಣಿಸಿ ಬಾಕಿ ಲೆಕ್ಕ ಹಾಕಬೇಡಿ, ಅದರಲ್ಲಿ ಇನ್ನೂ ಹುಟ್ಟದ ಬಡ್ಡಿಯೂ ಸೇರಿರುತ್ತದೆ. ಬಾಕಿ ಅಸಲು ಎಷ್ಟು ಅಂತ ಸಾಲ ಕೊಟ್ಟವರನ್ನೇ ಕೇಳಿ.

ಬಡ್ಡಿಯ ವಿಷಯದಲ್ಲಿ ನಾನು ಎರಡು ಕಡೆ ಮೋಸ ಹೋಗಿದ್ದೆ. ಕ್ರೆಡಿಟ್ ಕಾರ್ಡಿಗೆ 'ತಿಂಗಳಿಗೆ ಶೇಕಡಾ 3' ಅಂದಾಗ ಕಡಿಮೆ ಅನಿಸಿತ್ತು. ವರ್ಷಕ್ಕೆ ಅದು 36. ಬಡ್ಡಿಗೆ ಬಡ್ಡಿ ಸೇರಿದರೆ 42 ದಾಟುತ್ತದೆ, ಏನೂ ಕಟ್ಟದೆ ಬಿಟ್ಟರೆ ಎರಡು ವರ್ಷದಲ್ಲಿ ಸಾಲ ಎರಡರಷ್ಟಾಗುತ್ತದೆ. ಇನ್ನೊಂದು 'ಫ್ಲಾಟ್' ಬಡ್ಡಿ. ಅಸಲು ತೀರುತ್ತಾ ಬಂದರೂ ಮೊದಲ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕುತ್ತಾರೆ. ಮೂರು ವರ್ಷದ ಸಾಲಕ್ಕೆ ವರ್ಷಕ್ಕೆ ಶೇಕಡಾ 12 ಫ್ಲಾಟ್ ಅಂದರೆ, ಉಳಿದ ಬಾಕಿಯ ಮೇಲೆ ಲೆಕ್ಕ ಹಾಕುವ ಸಾಮಾನ್ಯ ರೀತಿಯಲ್ಲಿ ಸುಮಾರು 21. ಹಾಗಾಗಿ ಎಲ್ಲವನ್ನೂ ಒಂದೇ ಅಳತೆಗೆ ತಂದುಕೊಂಡು ಹೋಲಿಸಿ.

ನಮ್ಮಿಬ್ಬರ ತಿಂಗಳ ಆದಾಯ 100 ಅಂದುಕೊಂಡರೆ 54 ಕಂತುಗಳಿಗೇ ಹೋಗುತ್ತಿತ್ತು. ಮನೆಗೆ 28, ಪರ್ಸನಲ್ ಲೋನಿಗೆ 11, ಗಾಡಿಗೆ 7, ಕಾರ್ಡಿಗೆ ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ 5, ಫೋನಿಗೆ 3. ತಂಗಿಯ ಸಾಲ ಇದರಲ್ಲಿ ಇಲ್ಲ, ಅದಕ್ಕೆ ಕಂತೇ ಇರಲಿಲ್ಲ. ಅಷ್ಟಕ್ಕೂ ಆ ಕನಿಷ್ಠ ಮೊತ್ತ ಇದೆಯಲ್ಲ, ಅದರಲ್ಲಿ ಮುಕ್ಕಾಲು ಪಾಲು ಬಡ್ಡಿಗೇ ಹೋಗುತ್ತಿತ್ತು. ವರ್ಷಗಟ್ಟಲೆ ಕಟ್ಟಿದರೂ ಅಸಲು ಅಲ್ಲಾಡುವುದಿಲ್ಲ.

ಕಾರ್ಡನ್ನು ಅಟ್ಟದ ಮೇಲಿನ ಡಬ್ಬದಲ್ಲಿ ಹಾಕಿದೆವು. ಫೋನಿನ ಆ್ಯಪ್‌ಗಳಲ್ಲಿ ಉಳಿಸಿದ್ದ ಕಾರ್ಡ್ ನಂಬರನ್ನೂ ಅಳಿಸಿದೆವು. ಇದನ್ನು ಮರೆತರೆ ಡಬ್ಬದಲ್ಲಿಟ್ಟು ಪ್ರಯೋಜನ ಇಲ್ಲ. ಎಡವಿದ್ದು ಇನ್ನೊಂದು ಕಡೆ. ಉತ್ಸಾಹದಲ್ಲಿ ಕೈಯಲ್ಲಿದ್ದಷ್ಟನ್ನೂ ಸಾಲಕ್ಕೆ ಸುರಿದೆವು, ಪಕ್ಕಕ್ಕೆ ಏನೂ ಇಡಲಿಲ್ಲ. ಐದನೇ ತಿಂಗಳು ವಾಷಿಂಗ್ ಮಷೀನ್ ಕೈಕೊಟ್ಟಿತು. ಅಟ್ಟ ಹತ್ತಿ ಡಬ್ಬ ಇಳಿಸಿದ್ದು ನಾನೇ.

ಮಗಳು ಅಷ್ಟರಲ್ಲಿ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ 100 ಚೌಕ ಎಳೆದಿದ್ದಳು. ಮನೆ ಸಾಲ ಬಿಟ್ಟು ಉಳಿದ ಐದೂ ಸೇರಿ 100, ತೀರಿದಷ್ಟಕ್ಕೆ ಬಣ್ಣ. ಆ ತಿಂಗಳು ಲೆಕ್ಕ ನೋಡಿದರೆ ಎರಡು ಚೌಕ ಹಿಂದಕ್ಕೆ ಹೋಗಿದ್ದೆವು. ಕ್ರೇಯಾನ್ ರಬ್ಬರಿಗೆ ಅಳಿಯಲ್ಲ. 'ಅಮ್ಮಾ, ಇರಲಿ ಬಿಡು' ಅಂತ ಬಿಳಿ ಕಾಗದ ಕತ್ತರಿಸಿ ಆ ಎರಡರ ಮೇಲೆ ಅಂಟಿಸಿದಳು. ಆಮೇಲೆ ಮೊದಲು ಒಂದು ತಿಂಗಳ ಖರ್ಚಿನಷ್ಟು ಕೂಡಿಟ್ಟೆವು. ನೀವು ಇದನ್ನೇ ಮೊದಲು ಮಾಡಿ.

ಯಾವುದನ್ನು ಮೊದಲು ತೀರಿಸಬೇಕು? ಬಡ್ಡಿ ಜಾಸ್ತಿ ಇರುವುದನ್ನು, ಅದರಲ್ಲೇ ಉಳಿತಾಯ ಜಾಸ್ತಿ. ಚಿಕ್ಕ ಸಾಲ ಮೊದಲು ಮುಗಿಸಿದರೆ ಹುರುಪು ಬರುತ್ತೆ ಅನ್ನುವವರೂ ಇದ್ದಾರೆ, ತಪ್ಪೇನಲ್ಲ. ಲೆಕ್ಕದ ಪ್ರಕಾರ ಬಡ್ಡಿಯಿಲ್ಲದ ತಂಗಿಯ ಸಾಲ ಕೊನೆಗೆ ಬರಬೇಕಿತ್ತು. ನನಗೆ ಆಗಲಿಲ್ಲ. ತಿಂಗಳು ತಿಂಗಳು ಸ್ವಲ್ಪ ಕೊಟ್ಟೆ. 'ಅಕ್ಕಾ, ನಾನೇನು ಕೇಳಿದ್ನಾ?' ಅಂತ ಪ್ರತಿ ಸಲ ಅನ್ನುತ್ತಿದ್ದಳು. ಪ್ರತಿ ಸಲ ತೆಗೆದುಕೊಳ್ಳುತ್ತಲೂ ಇದ್ದಳು. ಅವಳಿಗೂ ಬೇಕಿತ್ತು ಅಲ್ವಾ.

ಈಗ ನಿಜವಾಗಿ ಕೆಲಸ ಮಾಡಿದ ವಿಷಯಕ್ಕೆ ಬರುತ್ತೇನೆ. ಫೋನಿನ ಕಂತು ನಾಲ್ಕನೇ ತಿಂಗಳಿಗೆ ಮುಗಿಯಿತು. ಆ 3 ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಯಾರೂ ಏನೂ ದೊಡ್ಡದು ಕೊಳ್ಳಲಿಲ್ಲ, ಸುಮ್ನೆ ಕರಗಿತು. ಗಾಡಿ ಸಾಲ ಮುಗಿಯುವ ಹೊತ್ತಿಗೆ ಬುದ್ಧಿ ಬಂದಿತ್ತು. ಕೊನೆಯ ಕಂತು ಹೋದ ದಿನವೇ ಅದೇ ಮೊತ್ತ, ಅದೇ ತಾರೀಖಿಗೆ ಕಾರ್ಡಿಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಹೇಳಿಟ್ಟೆವು. ಫೋನಿನ 3ನ್ನೂ ಖರ್ಚಿನಿಂದ ಎಳೆದು ತಂದೆವು. ಹೀಗೆ ಕಾರ್ಡಿಗೆ 5ರ ಬದಲು 15. ಒಂಬತ್ತು ತಿಂಗಳಲ್ಲಿ ಕಾರ್ಡಿನ ಸಾಲ ಖಾಲಿ. ಆ 15 ಪರ್ಸನಲ್ ಲೋನಿನ 11ಕ್ಕೆ ಸೇರಿ 26 ಆಯಿತು. ಮನೆಯ ಖರ್ಚಿಗೆ ಆ ದುಡ್ಡಿನ ಮುಖವನ್ನೇ ತೋರಿಸಲಿಲ್ಲ, ಹಾಗಾಗಿ ಯಾರಿಗೂ ಕಷ್ಟ ಅನಿಸಲಿಲ್ಲ.

ನಮಗೆ ಅಂತ ಇಬ್ಬರಿಗೂ ತಿಂಗಳಿಗೆ ಒಂದೊಂದು ಪಾಲು ಇಟ್ಟುಕೊಂಡಿದ್ದೇವೆ. ಅದಕ್ಕೆ ಲೆಕ್ಕ ಕೇಳೋ ಹಾಗಿಲ್ಲ. ಇದಿಲ್ಲದಿದ್ದರೆ ಮತ್ತೆ ಕದ್ದು ಫೋನ್ ಬರುತ್ತಿತ್ತು.

ಸಾಲ ಮುಗಿದ ಮೇಲೂ ಕೆಲಸ ಇರುತ್ತದೆ. ಪರ್ಸನಲ್ ಲೋನ್ ಮುಗಿದ ಮುಂದಿನ ತಿಂಗಳೂ ನಮ್ಮ ಖಾತೆಯಿಂದ ಕಂತು ಕಡಿತವಾಯಿತು, ವಾಪಸ್ ಬರೋಕೆ ಮೂರು ವಾರ ಓಡಾಟ. ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಿ. ತಾನಾಗಿ ಕಡಿತವಾಗುವ ವ್ಯವಸ್ಥೆಯನ್ನು ನೀವೇ ರದ್ದು ಮಾಡಿಸಿ. ಅಡ ಇಟ್ಟ ಮೂಲ ಪತ್ರಗಳಿದ್ದರೆ ಎಣಿಸಿ ವಾಪಸ್ ಪಡೆಯಿರಿ. ಒಂದೆರಡು ತಿಂಗಳು ಬಿಟ್ಟು, ನಿಮ್ಮ ಸಾಲಗಳ ದಾಖಲೆ ಇರುವ ಕ್ರೆಡಿಟ್ ವರದಿಯಲ್ಲಿ ಸಾಲ ಮುಗಿದಿದೆ ಅಂತ ಬಂದಿದೆಯಾ ನೋಡಿ.

ಈಗ ಆ 26ರಲ್ಲಿ 16 ಉಳಿತಾಯಕ್ಕೆ, 10 ಮನೆ ಸಾಲಕ್ಕೆ ಹೆಚ್ಚುವರಿಯಾಗಿ. 20 ವರ್ಷದ ಸಾಲಕ್ಕೆ ಬಡ್ಡಿ ಶೇಕಡಾ 9 ಇದ್ದರೆ ಮೊದಲ ಕಂತಿನ 100ರಲ್ಲಿ 83 ಬಡ್ಡಿಗೇ ಹೋಗುತ್ತದೆ. ಅದಕ್ಕೇ ಶುರುವಿನಲ್ಲಿ ಜಾಸ್ತಿ ಕಟ್ಟಿದಷ್ಟೂ ಲಾಭ. ನಮ್ಮಷ್ಟು ಆಗದಿದ್ದರೆ ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟಿ, ಅಂಥ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ಮುಗಿಯುತ್ತದೆ. ಆದರೆ 'ಇದನ್ನು ಅಸಲಿಗೆ ಜಮಾ ಮಾಡಿ, ಕಂತು ಇಳಿಸಬೇಡಿ, ಅವಧಿ ಇಳಿಸಿ' ಅಂತ ಬರೆದು ಕೊಡಿ. ಇಲ್ಲದಿದ್ದರೆ ಮುಂದಿನ ತಿಂಗಳ ಕಂತಿನ ಮುಂಗಡ ಅಂತ ಇಟ್ಟುಕೊಳ್ಳುವುದೂ ಉಂಟು.

ಮನೆ ಸಾಲಕ್ಕೂ 100 ಚೌಕದ ಹೊಸ ಹಾಳೆ ಅಂಟಿಸಿದ್ದೇವೆ. ಮಗಳು ದೊಡ್ಡವಳಾದಳು, ಅವಳಿಗೀಗ ಇದೆಲ್ಲ ಬೇಡ. ಅವಳ ತಮ್ಮ ಕ್ರೇಯಾನ್ ಕಸಿದುಕೊಂಡಿದ್ದಾನೆ. ಹೋದ ತಿಂಗಳು ಅರ್ಧ ಚೌಕಕ್ಕಷ್ಟೇ ಬಣ್ಣ ಹಾಕಬೇಕಿತ್ತು, ಒಂದೂವರೆಗೆ ಹಾಕಿಬಿಟ್ಟ. ಈಗ ಮನೆಯಲ್ಲಿ ಬಿಳಿ ಕಾಗದ ಹುಡುಕುತ್ತಿದ್ದೇನೆ.