ಜೆಲ್ ಪಾಲಿಶ್ ಕೋರ್ಸ್‌ಗೆ ಫೀಸ್ ಕಟ್ಟುವ ಮುಂಚೆ ಏನೇನು ನೋಡಬೇಕು

ಜೆಲ್ ಪಾಲಿಶ್ ಅಂದರೆ ಲ್ಯಾಂಪ್ ಬೆಳಕಿನಲ್ಲಿ ಗಟ್ಟಿಯಾಗುವ ಉಗುರು ಬಣ್ಣ. ಅದನ್ನು ಕಲಿತು ನೇಲ್ ಟೆಕ್ನಿಷಿಯನ್ ಆಗಬೇಕು ಅಂತ ಹೊರಟವರು ಟ್ರೈನಿಂಗ್ ಸೆಂಟರ್‌ಗೆ ಫೋನ್ ಮಾಡಿದಾಗ ಹೆಚ್ಚಾಗಿ ಕೇಳುವುದು ಎರಡೇ ಪ್ರಶ್ನೆ. ಫೀಸ್ ಎಷ್ಟು? ಸರ್ಟಿಫಿಕೇಟ್ ಸಿಗುತ್ತಾ? ಅವೆರಡಕ್ಕೂ ಮುಂಚೆ ಇದನ್ನು ಕೇಳಿ: "ಮೇಡಂ, ಜೆಲ್ ಪಾಲಿಶ್ ತೆಗೆಯುವುದಕ್ಕೆ ಎಷ್ಟು ಹೊತ್ತಿನ ಕ್ಲಾಸ್ ಇದೆ?" ಆ ಉತ್ತರದಲ್ಲೇ ಕೋರ್ಸ್‌ನ ಅರ್ಧ ಜಾತಕ ಗೊತ್ತಾಗುತ್ತದೆ.

ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಪುಟ್ಟ ನೇಲ್ ಸ್ಟುಡಿಯೋ ಇದೆ. ಬೇರೆ ಕಡೆ ಹಾಕಿಸಿಕೊಂಡ ಜೆಲ್ ಅನ್ನು ಕಿತ್ತು ಕಿತ್ತು, ಉಗುರು ಕಾಗದದಷ್ಟು ತೆಳ್ಳಗಾದ ಮೇಲೆ ನನ್ನ ಹತ್ತಿರ ಬರುವವರು ಬಹಳ ಮಂದಿ. ಬಿಸಿನೀರು ಮುಟ್ಟಿದರೂ ಉರಿ ಅನ್ನುತ್ತಾರೆ. ಕೈಬೆರಳಿನ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು ಹತ್ತಿರ ಹತ್ತಿರ ಆರು ತಿಂಗಳು ಬೇಕು. ಹತ್ತು ನಿಮಿಷದ ಅವಸರಕ್ಕೆ ಆ ಹೆಣ್ಣುಮಗಳು ಅರ್ಧ ವರ್ಷ ನೋವು ಉಣ್ಣಬೇಕು. ಅದಕ್ಕೇ ನಾನು ತೆಗೆಯುವ ಕೆಲಸದಿಂದಲೇ ಮಾತು ಶುರು ಮಾಡುವುದು.

ಸರಿಯಾಗಿ ತೆಗೆಯುವುದು ಹೀಗೆ. ಮೇಲಿನ ಹೊಳಪಿನ ಪದರವನ್ನು ಫೈಲ್‌ನಿಂದ ಉಜ್ಜಿ ಮಂಕು ಮಾಡಬೇಕು. ಸುತ್ತಲಿನ ಚರ್ಮಕ್ಕೆ ಎಣ್ಣೆ ಸವರಬೇಕು. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲಿಟ್ಟು, ಫಾಯಿಲ್ ಸುತ್ತಿ, 10ರಿಂದ 15 ನಿಮಿಷ ಬಿಡಬೇಕು. ತಾನಾಗಿ ಎದ್ದು ಬಂದಷ್ಟನ್ನು ಮಾತ್ರ ಕಡ್ಡಿಯಲ್ಲಿ ಮೆಲ್ಲಗೆ ತಳ್ಳಬೇಕು. ಬರದಿದ್ದರೆ ಕೆರೆಯುವಂತಿಲ್ಲ, ಮತ್ತೆ ಸುತ್ತಬೇಕು. ಇದನ್ನು ನಿಮ್ಮ ಕೈಯಲ್ಲೇ ಮಾಡಿಸದೆ, "ಅದೇನ್ ಮಹಾ, ಕೊನೇ ದಿನ ತೋರಿಸ್ತೀವಿ" ಅನ್ನುವ ಕಡೆ ಹೋಗಬೇಡಿ. ಇ-ಫೈಲ್ ಅನ್ನು, ಅಂದರೆ ಕರೆಂಟಿನಲ್ಲಿ ತಿರುಗಿ ಉಜ್ಜುವ ಯಂತ್ರವನ್ನು, ಮೊದಲ ದಿನವೇ ಕೈಗೆ ಕೊಟ್ಟು ನಿಜವಾದ ಉಗುರಿನ ಮೇಲೆ ಓಡಿಸಲು ಬಿಡುವ ಕ್ಲಾಸ್ ಕೂಡ ಬೇಡ. ಅದರ ತಿರುಗುವ ತುದಿ ಒಂದೇ ಜಾಗದಲ್ಲಿ ನಿಂತರೆ ಉಗುರಿನ ಬುಡದ ಹತ್ತಿರ ಕೆಂಪು ಗೀರು ಬೀಳುತ್ತದೆ. ಉಗುರು ಬೆಳೆದಂತೆಲ್ಲಾ ಆ ಗೀರೂ ಮುಂದಕ್ಕೆ ಬರುತ್ತದೆ.

ಎರಡನೆಯ ಪ್ರಶ್ನೆ ಚರ್ಮದ ಬಗ್ಗೆ. ಕ್ಯೂರ್ ಆಗದ, ಅಂದರೆ ಲ್ಯಾಂಪ್‌ನಲ್ಲಿ ಪೂರ್ತಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ಮೇಲಿಂದ ಮೇಲೆ ತಾಗುತ್ತಿದ್ದರೆ ಅಲರ್ಜಿ ಹತ್ತಬಹುದು. ಕಾರಣ ಅದರಲ್ಲಿರುವ ಅಕ್ರಿಲೇಟ್‌ಗಳು. ಅವುಗಳಲ್ಲಿ ಜಾಸ್ತಿ ಹೆಸರು ಕೇಳಿಬರುವುದು ಹೀಮಾ (HEMA). ತುರಿಕೆ, ಬೆರಳ ತುದಿಯಲ್ಲಿ ಸಣ್ಣ ಗುಳ್ಳೆ, ಚರ್ಮ ಸುಲಿಯುವುದು, ಕೆಲವರಿಗೆ ಉಗುರೇ ಕೆಳಗಿನ ಚರ್ಮದಿಂದ ಬಿಟ್ಟುಕೊಳ್ಳುವುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹಲ್ಲಿಗೆ ತುಂಬುವ ಕೆಲವು ಫಿಲ್ಲಿಂಗ್‌ಗಳಲ್ಲೂ ಇದೇ ಜಾತಿಯ ರಾಸಾಯನಿಕ ಇರುವುದರಿಂದ ಅಲ್ಲೂ ತೊಂದರೆ ಆಗಬಹುದು. ಕಸ್ಟಮರ್‌ಗೆ ತಿಂಗಳಿಗೊಮ್ಮೆ ತಾಗಿದರೆ ನಮಗೆ ದಿನಾ ತಾಗುತ್ತದೆ, ಅಲ್ವಾ? ಅಲರ್ಜಿ ಬಂದರೆ ನಮ್ಮ ದುಡಿಮೆಯೇ ನಿಂತಿತು.

ಯುರೋಪಿಯನ್ ಒಕ್ಕೂಟದಲ್ಲಿ 2020ರ ನಿಯಮದ ಪ್ರಕಾರ ಹೀಮಾ ಇರುವ ಉಗುರಿನ ಉತ್ಪನ್ನವನ್ನು ವೃತ್ತಿಯವರು ಮಾತ್ರ ಬಳಸಬೇಕು, ಅಲರ್ಜಿ ಬರಬಹುದೆಂಬ ಎಚ್ಚರಿಕೆಯೂ ಬಾಟಲಿ ಮೇಲೆ ಇರಬೇಕು. ಜೆಲ್ ಗಟ್ಟಿಯಾಗಲು ಬಳಸುತ್ತಿದ್ದ ಟಿಪಿಒ (TPO) ಎಂಬ ಇನ್ನೊಂದು ವಸ್ತುವನ್ನು 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ಪೂರ್ತಿ ನಿಷೇಧಿಸಿದ್ದಾರೆ. ಕಲಿಸುವವರಿಗೆ ಈ ಎರಡು ಹೆಸರು ಗೊತ್ತಿವೆಯಾ, ಕೇಳಿ ನೋಡಿ. ಗೊತ್ತಿದ್ದವರು ನಿಂತು ವಿವರಿಸುತ್ತಾರೆ. "ನಮ್ ಪ್ರಾಡಕ್ಟ್ ಎಲ್ಲಾ ಇಂಪೋರ್ಟೆಡ್, ಏನೂ ಆಗಲ್ಲ" ಅಂತ ಮಾತು ತೇಲಿಸಿದರೆ ಅಲ್ಲಿಂದ ಎದ್ದು ಬನ್ನಿ.

ಫೋನ್‌ನಲ್ಲಿ ಇಷ್ಟು ಕೇಳಿದ ಮೇಲೆ, ಕ್ಲಾಸ್ ನಡೆಯುವಾಗ ಹೋಗಿ ಕೂರಲು ಅವಕಾಶ ಕೇಳಿ. ಅರ್ಧ ಗಂಟೆ ಸಾಕು. ರೀಲ್ಸ್‌ನಲ್ಲಿ ಕಾಣುವ ಗ್ಲಿಟರ್, ಮಾರ್ಬಲ್ ಡಿಸೈನ್ ಕಡೆ ನೋಡಬೇಡಿ. ಒಬ್ಬ ವಿದ್ಯಾರ್ಥಿನಿಯ ಬ್ರಷ್ ನೋಡುತ್ತಾ ಕೂತುಕೊಳ್ಳಿ. ಬಾಟಲಿಯ ಬಾಯಿಗೆ ಒಂದು ಬದಿ ಒರೆಸಿ, ಇನ್ನೊಂದು ಬದಿಯಲ್ಲಿ ಸಣ್ಣ ಹನಿ ಉಳಿಸಿಕೊಳ್ಳಬೇಕು. ಆ ಹನಿಯನ್ನು ಉಗುರಿನ ನಡುವೆ ಇಟ್ಟು, ಬುಡದ ಕಡೆಗೆ ಮೆಲ್ಲಗೆ ತಳ್ಳಿ, ಚರ್ಮಕ್ಕೆ ಕೂದಲೆಳೆಯಷ್ಟು ಜಾಗ ಬಿಟ್ಟು ತುದಿಗೆ ಎಳೆಯಬೇಕು. ಕೊನೆಗೆ ಉಗುರಿನ ಅಂಚಿಗೂ ಒಮ್ಮೆ ಬ್ರಷ್ ತಾಗಿಸಬೇಕು. ಇಲ್ಲದಿದ್ದರೆ ಪಾತ್ರೆ ತೊಳೆಯುವ ಕೈಯಲ್ಲಿ ಮೂರು ದಿನಕ್ಕೇ ತುದಿಯಿಂದ ಏಳುತ್ತದೆ. ಈಗ ಮುಖ್ಯವಾದದ್ದು: ಜೆಲ್ ಪಕ್ಕದ ಚರ್ಮಕ್ಕೆ ಹರಿಯಿತು ಅಂತಿಟ್ಟುಕೊಳ್ಳಿ. ಟೀಚರ್ ಅವಳ ಕೈ ತಡೆದು, ಲ್ಯಾಂಪ್‌ಗೆ ಇಡುವ ಮುಂಚೆ ಕಡ್ಡಿಯಲ್ಲಿ ಒರೆಸಿ ತೆಗೆಸಿದರೆ ಅದು ಒಳ್ಳೆಯ ಕ್ಲಾಸ್. "ಪರವಾಗಿಲ್ಲ, ಆಮೇಲೆ ಕ್ಲೀನ್ ಮಾಡೋಣ" ಅಂತ ಲ್ಯಾಂಪ್ ಹಾಕಿಸಿದರೆ ಸೇರಬೇಡಿ.

ಅಲ್ಲೇ ಕೂತು ಇನ್ನೂ ಒಂದೆರಡು ಗಮನಿಸಿ. ಗ್ಲೌಸ್ ನೈಟ್ರೈಲ್ ಆಗಿರಬೇಕು, ಜೆಲ್ ತಾಗಿದ ತಕ್ಷಣ ಬದಲಾಯಿಸಬೇಕು, ಏಕೆಂದರೆ ತೆಳು ಗ್ಲೌಸ್‌ನೊಳಗೂ ಅಕ್ರಿಲೇಟ್ ಬೇಗ ಇಳಿಯುತ್ತದೆ. ಲೋಹದ ಉಪಕರಣಗಳನ್ನು ಹೇಗೆ ಶುದ್ಧ ಮಾಡುತ್ತಾರೆ? ನೀಲಿ ಬೆಳಕಿನ ಪೆಟ್ಟಿಗೆಯಲ್ಲಿ ಇಟ್ಟ ಮಾತ್ರಕ್ಕೆ ಅವು ಸ್ಟೆರಿಲೈಸ್ ಆಗುವುದಿಲ್ಲ. ಅದಕ್ಕೆ ಆಟೋಕ್ಲೇವ್ ಬೇಕು, ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ. ಉಗುರುಸುತ್ತು, ಫಂಗಸ್, ಹಸಿರು ಬಣ್ಣಕ್ಕೆ ತಿರುಗಿದ ಉಗುರು ಕಂಡರೆ ಜೆಲ್ ಹಚ್ಚದೆ ಡಾಕ್ಟರ್ ಹತ್ತಿರ ಕಳಿಸಬೇಕು ಅನ್ನುವುದು ಪಾಠದಲ್ಲಿದೆಯಾ ಅಂತಲೂ ಕೇಳಿ.

ಪ್ಲಾಸ್ಟಿಕ್ ಕೈ ಮೇಲೆ ಎಷ್ಟು ಅಭ್ಯಾಸ ಮಾಡಿದರೂ ನಿಜವಾದ ಕೈ ಬೇರೆಯೇ. ಬೆವರುವ ಕೈ ಇರುತ್ತದೆ. ಉಗುರು ಕಚ್ಚುವವರ ಮೋಟು ಉಗುರು ಇರುತ್ತದೆ. ಅಡಿಗೆ ಮನೆಯಲ್ಲೇ ದಿನ ಕಳೆಯುವ ಅತ್ತೆಯಂದಿರ ಗಟ್ಟಿ, ಅಗಲದ ಉಗುರು ಇರುತ್ತದೆ. ಹಾಗಾಗಿ ಬ್ಯಾಚ್‌ನಲ್ಲಿ ಎಷ್ಟು ಜನ, ಒಬ್ಬರಿಗೆ ಅಭ್ಯಾಸಕ್ಕೆ ಕೈ ಕೊಡುವ ಮಾಡೆಲ್ ಎಷ್ಟು ಜನ ಸಿಗುತ್ತಾರೆ ಅನ್ನುವುದನ್ನು ಬಿಡದೆ ಕೇಳಿ. ಒಬ್ಬ ಟೀಚರ್‌ಗೆ ನಾಲ್ಕೈದು ಜನಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಬ್ರಷ್ ಹಿಡಿತ ತಿದ್ದಲು ಅವರಿಗೆ ಪುರುಸೊತ್ತೇ ಇರುವುದಿಲ್ಲ, ಇದು ನನ್ನ ಲೆಕ್ಕ. ನಮ್ಮ ಊಟದ ಬಗ್ಗೆ ಅವರು ಏನಾದರೂ ಹೇಳುತ್ತಾರಾ ಅಂತಲೂ ನೋಡಿ. ತಿಳಿ ಬಣ್ಣದ ಜೆಲ್ ಹಾಕಿಸಿಕೊಂಡವರು ಅರಿಶಿನ ಹಾಕಿದ ಸಾರು ಕಲಸಿ ಉಂಡರೆ ಉಗುರು ಹಳದಿ ತಿರುಗುತ್ತದೆ. ಕೊನೆಗೆ ಹಚ್ಚುವ ಯಾವ ಟಾಪ್ ಕೋಟ್ ಇದನ್ನು ತಡೆದುಕೊಳ್ಳುತ್ತದೆ, ಕಸ್ಟಮರ್‌ಗೆ ಮೊದಲೇ ಏನು ಹೇಳಬೇಕು ಅನ್ನುವುದು ದಿನಾ ಕೈಯಾರೆ ಕೆಲಸ ಮಾಡುವ ಟೀಚರ್‌ಗೆ ಗೊತ್ತಿರುತ್ತದೆ.

ಆನ್‌ಲೈನ್ ಕೋರ್ಸ್ ಬಗ್ಗೆ ಬಹಳ ಜನ ಕೇಳುತ್ತಾರೆ. ಥಿಯರಿಗೆ ಚೆನ್ನಾಗಿದೆ, ವಿಡಿಯೋ ಮತ್ತೆ ಮತ್ತೆ ನೋಡಬಹುದು. ಆದರೆ ನಿಮ್ಮ ಕೈ ಎಲ್ಲಿ ಒತ್ತುತ್ತಿದೆ ಅಂತ ವಿಡಿಯೋ ಹೇಳುವುದಿಲ್ಲ. ಮೊದಲ ಕೋರ್ಸ್ ಎದುರು ಕೂತು ಕಲಿಯುವುದೇ ಆಗಿರಲಿ.

ಕಿಟ್ ಕೊಡ್ತೀವಿ ಅಂದರೆ ಪಟ್ಟಿ ಬರೆಸಿಕೊಳ್ಳಿ. ಅದರಲ್ಲಿ ಲ್ಯಾಂಪ್ ಮತ್ತು ಜೆಲ್ ಒಂದಕ್ಕೊಂದು ಹೊಂದುತ್ತವಾ ನೋಡಬೇಕು. ಲ್ಯಾಂಪ್ ಮೇಲೆ ವ್ಯಾಟ್ ಎಷ್ಟು ಬರೆದಿದ್ದರೂ, ಜೆಲ್ ಕಂಪನಿ ಹೇಳಿದ ಬೆಳಕು ಸಿಗದಿದ್ದರೆ ಮೇಲೆ ಗಟ್ಟಿಯಾಗಿ ಒಳಗೆ ಹಸಿಯೇ ಉಳಿಯುತ್ತದೆ. ಅಲರ್ಜಿಗೆ ಅದೂ ಒಂದು ದಾರಿ. ಬಾಟಲಿ ತಿರುಗಿಸಿ ಲೇಬಲ್ ಓದಿ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಹೊರದೇಶದಿಂದ ತರಿಸಿದ್ದಕ್ಕೆ ನೋಂದಣಿ ಸಂಖ್ಯೆ, ಆಮದು ಮಾಡಿದವರ ಹೆಸರು, ವಿಳಾಸ ಇರಬೇಕು. ಬರೀ ಬಣ್ಣದ ನಂಬರ್ ಇರುವ ಬಾಟಲಿಗಳನ್ನು ತುಂಬಿಕೊಟ್ಟರೆ ಆ ಕಿಟ್ ಬೇಡ, ಅದರ ದುಡ್ಡು ಕಳೆದು ಫೀಸ್ ಹೇಳಿ ಅನ್ನಿ.

ಸರ್ಟಿಫಿಕೇಟ್ ವಿಷಯ ಬೇಗ ಮುಗಿಯುತ್ತದೆ. ಅಮೆರಿಕದ ರಾಜ್ಯಗಳಲ್ಲಿ ಇರುವ ಹಾಗೆ ಉಗುರಿನ ಕೆಲಸಕ್ಕೇ ಪ್ರತ್ಯೇಕ ಲೈಸೆನ್ಸ್ ಪರೀಕ್ಷೆ ನಮ್ಮಲ್ಲಿಲ್ಲ. "ಇಂಟರ್‌ನ್ಯಾಷನಲ್" ಅಂತ ಚಿನ್ನದ ಅಕ್ಷರದಲ್ಲಿ ಅಚ್ಚಾಗಿದ್ದರೆ, ಕೊಡುವ ಸಂಸ್ಥೆ ಯಾವುದು ಅಂತ ಕೇಳಿ, ನೀವೇ ಆ ಸಂಸ್ಥೆಗೆ ಮೇಲ್ ಹಾಕಿ ವಿಚಾರಿಸಿ. ಈ ರಂಗದ ತರಬೇತಿಗೆ ಮಾನ್ಯತೆ ಕೊಡುವ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಹೆಸರು ಹೇಳಿದರೂ ಅಷ್ಟೇ, ಆ ಸೆಂಟರ್‌ಗೆ ನಿಜವಾಗಿ ಮಾನ್ಯತೆ ಇದೆಯಾ ನೋಡಿಕೊಳ್ಳಿ. ಸಲೂನ್‌ನಲ್ಲಿ ಕೆಲಸ ಕೇಳಲು ಹೋದಾಗ ಕಾಗದಕ್ಕಿಂತ ಮೊದಲು ಒಂದು ಕೈ ಮಾಡಿ ತೋರಿಸಿ ಅನ್ನುತ್ತಾರೆ.

ದುಡ್ಡು ಕೊಡುವಾಗ ಮೂರು ವಿಷಯ ಬರಹದಲ್ಲಿರಲಿ: ಜಿಎಸ್‌ಟಿ ಸೇರಿ ಒಟ್ಟು ಎಷ್ಟು, ಬ್ಯಾಚ್ ರದ್ದಾದರೆ ವಾಪಸ್ ಯಾವಾಗ, ಕೋರ್ಸ್ ಮುಗಿದ ಮೇಲೆ ಡೌಟ್ ಕೇಳಲು ಎಷ್ಟು ದಿನ ಅವಕಾಶ. ವಾಟ್ಸಾಪ್ ಮೆಸೇಜ್ ಆದರೂ ಸರಿ. "ಇವತ್ತೇ ಕಟ್ಟಿದರೆ ಅರ್ಧ ರೇಟು" ಅಂದರೆ ಮನೆಗೆ ಹೋಗಿ ನಾಳೆ ಹೇಳ್ತೀನಿ ಅನ್ನಿ.

ಸೇರುವ ಕಾಲದ ಬಗ್ಗೆ ಒಂದು ಮಾತು. ಆಗುವುದಾದರೆ ಆಷಾಢದ ಬ್ಯಾಚ್ ಹಿಡಿಯಿರಿ. ಮದುವೆಗಳಿಲ್ಲ, ಸ್ಟುಡಿಯೋ ಖಾಲಿ ಇರುತ್ತದೆ, ಟೀಚರ್ ಪಕ್ಕದಲ್ಲಿ ಕೂತು ಕಲಿಸುತ್ತಾರೆ. ಶ್ರಾವಣ ಪೂರ್ತಿ ಅಕ್ಕಪಕ್ಕದ ಮನೆಯವರ ಕೈ ಮೇಲೆ ಅಭ್ಯಾಸ ಮಾಡಿ. ದೀಪಾವಳಿ ಕಳೆದು ಮದುವೆ ಸೀಸನ್ ಶುರುವಾದಾಗ ಮದುಮಗಳ ಕೈ ಹಿಡಿಯಲು ನಿಮಗೂ ಧೈರ್ಯ ಬಂದಿರುತ್ತದೆ.