ಇಂಗ್ಲಿಷ್ ಪ್ರಾಸಪದ ಹುಡುಕಲು ಕಾಗುಣಿತದ ನೆರವು

ಎಲ್‌ಕೆಜಿ, ಯುಕೆಜಿ ಮಕ್ಕಳ ಹೋಮ್‌ವರ್ಕ್‌ನಲ್ಲಿ 'ರೈಮಿಂಗ್ ವರ್ಡ್ಸ್' ಬಂದೇ ಬರುತ್ತದೆ. ಕ್ಯಾಟ್‌ಗೆ ಬ್ಯಾಟ್, ಮ್ಯಾಟ್ ಎಂದು ಬರೆದು ಮುಗಿಸಬಹುದು. ಕಷ್ಟ ಶುರುವಾಗುವುದು ಮಗು ದೊಡ್ಡ ಕ್ಲಾಸಿಗೆ ಹೋಗಿ, ತಾನೇ ನಾಲ್ಕು ಸಾಲಿನ ಇಂಗ್ಲಿಷ್ ಪದ್ಯ ಕಟ್ಟಬೇಕಾದಾಗ. ಅದಕ್ಕೊಂದು ಒಳ್ಳೆಯ ದಾರಿ ಇದೆ. ಕನ್ನಡ ಓದಲು, ಬರೆಯಲು ಬರುವವರಿಗೆ ಅದು ಇನ್ನೂ ಸಲೀಸು.

ಮೊದಲು ಸ್ಪೆಲಿಂಗ್ ಮರೆತುಬಿಡಿ

ಪ್ರಾಸ ಕೇಳಿಸಬೇಕು, ಕಂಡರೆ ಸಾಲದು. ಒ, ಯು, ಜಿ, ಎಚ್ ಎಂಬ ನಾಲ್ಕೇ ಅಕ್ಷರಗಳಿಂದ ಮುಗಿಯುವ ಪದಗಳನ್ನು ನೋಡಿ: ಕೆಮ್ಮಿಗೆ ಕಾಫ್, ಒರಟಿಗೆ ರಫ್, ಕೊಂಬೆಗೆ ಬೌ, 'ಆದರೂ' ಎನ್ನಲು ದೋ, 'ಮೂಲಕ' ಎನ್ನಲು ಥ್ರೂ. ಒಂದಕ್ಕೊಂದು ಪ್ರಾಸವೇ ಇಲ್ಲ. ಲವ್ ಮತ್ತು ಮೂವ್ ಪದಗಳ ಕೊನೆಯ ಅಕ್ಷರಗಳೂ ಒಂದೇ, ಸದ್ದು ಬೇರೆ. ಲವ್‌ಗೆ ಕೂಡುವುದು ಗ್ಲವ್, ಡವ್, ಅಬವ್. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಮೇಲೆ ಸ್ಪೆಲಿಂಗ್ ನಿಧಾನವಾಗಿ ಒಂದು ರೂಪದಲ್ಲಿ ನಿಂತುಬಿಟ್ಟಿತು. ಜನರ ಬಾಯಲ್ಲಿ ದೀರ್ಘ ಸ್ವರಗಳು ಮಾತ್ರ ಆಮೇಲೂ ಬದಲಾಗುತ್ತಲೇ ಹೋದವು. ಈ ಗೊಂದಲದಲ್ಲಿ ಜಾಸ್ತಿ ಪಾಲು ಅಲ್ಲಿಂದ ಬಂದದ್ದು.

ಪದವನ್ನು ಕನ್ನಡದಲ್ಲಿ ಬರೆಯಿರಿ

ನಮ್ಮ ಲಿಪಿ ಹೇಳಿದಂತೆ ಬರೆಯುವ ಲಿಪಿ ಅಲ್ವಾ? ಅದನ್ನೇ ಇಲ್ಲಿ ಬಳಸಿಕೊಳ್ಳಿ. 'ಲೈಟ್' ಎಂದು ಬರೆಯಿರಿ. ಮಾತಿನಲ್ಲಿ ನಾವು ಸೇರಿಸುವ 'ಉ' ಬೇಡ, ಲೈಟು, ಬಸ್ಸು ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ಈಗ ಮೊದಲ ವ್ಯಂಜನ 'ಲ' ತೆಗೆದುಹಾಕಿ. ಉಳಿದದ್ದು 'ಐಟ್'. ಇದೇ ನಿಮ್ಮ ಬಾಲ. ಇದನ್ನು ಹಿಡಿದುಕೊಂಡು ಕ-ದಿಂದ ಹ-ವರೆಗೆ ಒಂದೊಂದೇ ವ್ಯಂಜನ ಹಚ್ಚುತ್ತಾ ಬನ್ನಿ: ಕೈಟ್ ಇದೆ, ಗೈಟ್ ಇಲ್ಲ, ಚೈಟ್ ಇಲ್ಲ, ಟೈಟ್ ಇದೆ, ನೈಟ್, ಫೈಟ್, ಬೈಟ್, ಮೈಟ್, ರೈಟ್, ವೈಟ್, ಸೈಟ್, ಹೈಟ್.

ಮುಗಿಯಿತು ಎಂದುಕೊಳ್ಳಬೇಡಿ. ಈಗ ಒತ್ತಕ್ಷರಗಳ ಸುತ್ತು. ಕ್ವೈಟ್, ಪ್ಲೈಟ್, ಫ್ಲೈಟ್, ಫ್ರೈಟ್, ಬ್ರೈಟ್, ಸ್ಪೈಟ್, ಸ್ಲೈಟ್. ಒಳ್ಳೊಳ್ಳೆಯ ಪದಗಳು ಸಿಗುವುದು ಈ ಎರಡನೇ ಸುತ್ತಿನಲ್ಲೇ. ಮಕ್ಕಳಿಗೆ ಇದನ್ನು ಜೋರಾಗಿ ಹೇಳಿಸಿ, ಆಟದಂತೆ ಓಡುತ್ತದೆ. ಹೈಟ್, ವೈಟ್, ನೈಟ್ ಪದಗಳ ಸ್ಪೆಲಿಂಗ್ ಮೂರು ಥರ ಇದ್ದರೂ ಕನ್ನಡದಲ್ಲಿ ಅವು ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ಇನ್ನೂ ಒಂದು ಲಾಭವಿದೆ. ಬರೆಯುವುದಕ್ಕೂ ರೈಟ್, ಬಲಗಡೆಗೂ ರೈಟ್. ಇವೆರಡು ಪೂರ್ತಿ ಒಂದೇ ಸದ್ದು, ಹಾಗಾಗಿ ಒಂದಕ್ಕೊಂದು ಸರಿಯಾದ ಪ್ರಾಸವಲ್ಲ. ಪ್ರಾಸಕ್ಕೆ ಬಾಲ ಒಂದಾಗಿ, ಅದಕ್ಕೆ ಮೊದಲು ಬರುವ ವ್ಯಂಜನ ಬೇರೆಯಾಗಿರಬೇಕು.

ಉದ್ದ ಪದವಾದರೆ ಒತ್ತು ಎಲ್ಲಿ?

ನಾವು ಜಾಸ್ತಿ ಎಡವುವುದು ಇಲ್ಲೇ. ಕನ್ನಡ ಹಾಡಿನಲ್ಲಿ 'ಬರುವೆ' ಎಂಬುದಕ್ಕೆ 'ಹಾಡುವೆ' ಎಂದರೂ ಕಿವಿಗೆ ಹಿತ. ಇಂಗ್ಲಿಷಿಗೆ ಅಷ್ಟು ಸಾಲದು. ಆ ಭಾಷೆಯಲ್ಲಿ ಪ್ರತಿ ಪದದ ಒಂದು ಭಾಗವನ್ನು ಒತ್ತಿ ಹೇಳುತ್ತಾರೆ. ಆ ಒತ್ತಿನ ಸ್ವರದಿಂದ ಹಿಡಿದು ಕೊನೆಯವರೆಗೆ ಎಲ್ಲವೂ ಕೂಡಬೇಕು. 'ಸ್ಟೇಷನ್' ಪದದಲ್ಲಿ ಒತ್ತು ಬೀಳುವುದು 'ಸ್ಟೇ' ಮೇಲೆ. ಹಾಗಾಗಿ ಬಾಲ 'ಷನ್' ಅಲ್ಲ, 'ಏಷನ್'. ನೇಷನ್, ಡೊನೇಷನ್, ಎಜುಕೇಷನ್ ಕೂಡುತ್ತವೆ. ಮೋಷನ್ ಕೂಡುವುದಿಲ್ಲ, ಅದರ ಬಳಗ ಲೋಷನ್, ಓಷನ್, ಡಿವೋಷನ್. ಹಾಗೆಯೇ ಟೇಬಲ್‌ಗೆ ಕೇಬಲ್, ಲೇಬಲ್ ಸರಿ, ಬಬಲ್ ಸರಿಯಲ್ಲ.

ಕನ್ನಡ ಲಿಪಿ ಕೈಕೊಡುವ ಜಾಗಗಳು

'ರೋಸ್' ಮತ್ತು 'ಡೋಸ್' ನಮ್ಮ ಬರಹದಲ್ಲಿ ಪಕ್ಕಾ ಪ್ರಾಸ. ಇಂಗ್ಲಿಷಿನವರ ಬಾಯಲ್ಲಿ ಅಲ್ಲ. ರೋಸ್‌ನ ಕೊನೆಯ ಸದ್ದು ಝೆಡ್‌ನದು, ಡೋಸ್‌ನದು ಎಸ್‌ನದು. ಗಂಟಲ ಮೇಲೆ ಬೆರಳಿಟ್ಟು ಆ ಸದ್ದುಗಳನ್ನು ಎಳೆದು ಹೇಳಿ. ಝೆಡ್‌ಗೆ ಗಂಟಲು ಅದುರುತ್ತದೆ, ಎಸ್‌ಗೆ ಅದುರುವುದಿಲ್ಲ. 'ಸಿಂಗರ್', 'ಫಿಂಗರ್' ಇನ್ನೊಂದು ಜೋಡಿ. ಫಿಂಗರ್‌ನಲ್ಲಿ 'ಗ' ಸ್ಪಷ್ಟವಾಗಿ ಕೇಳಿಸುತ್ತದೆ, ಸಿಂಗರ್‌ನಲ್ಲಿ ಅದು ಮೂಗಿನ ಸದ್ದಿನಲ್ಲೇ ನಿಂತುಹೋಗುತ್ತದೆ. ಅನುಮಾನ ಬಂದಾಗ ಮೊಬೈಲ್ ಡಿಕ್ಷನರಿಯ ಸ್ಪೀಕರ್ ಗುರುತು ಒತ್ತಿ ಕೇಳಿ.

ಕಂಪ್ಯೂಟರ್ ಮಾಡುವುದೂ ಇದನ್ನೇ

ರೈಮ್‌ಝೋನ್‌ನಂಥ ತಾಣದಲ್ಲಿ ಪದ ಹಾಕಿದರೆ ಪ್ರಾಸಗಳ ಪಟ್ಟಿಯೇ ಬರುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 1.3 ಲಕ್ಷಕ್ಕೂ ಹೆಚ್ಚು ಪದಗಳ ಉಚ್ಚಾರಣಾ ಕೋಶವನ್ನು ಉಚಿತವಾಗಿ ಕೊಟ್ಟಿದೆ. ಅದರಲ್ಲಿ ಪ್ರತಿ ಪದವನ್ನೂ 39 ಸದ್ದುಗಳಲ್ಲಿ ಬಿಡಿಸಿ, ಸ್ವರಗಳಿಗೆ ಒತ್ತಿನ ಅಂಕಿ ಹಾಕಿದ್ದಾರೆ. ಒತ್ತಿನ ಸ್ವರದಿಂದ ಕೊನೆಯವರೆಗೆ ಹೋಲಿಸಿ ನೋಡಿದರೆ ಪ್ರಾಸ ಸಿಕ್ಕಿತು. ನೆನಪಿಡಿ, ಅದು ಅಮೆರಿಕದ ಉಚ್ಚಾರಣೆ. ಅಲ್ಲಿ ಕೊನೆಯ ಅಕ್ಷರ 'ಝೀ', ಅದಕ್ಕೆ ಟ್ರೀ ಕೂಡುತ್ತದೆ. ನಮ್ಮ 'ಝೆಡ್'ಗೆ ಕೂಡುವುದು ರೆಡ್, ಬೆಡ್.

ಆದರೂ ಪಟ್ಟಿ ನೋಡುವ ಮೊದಲು ಮಗು ತಾನೇ ಒಂದು ಸುತ್ತು ಹುಡುಕಲಿ. ಕಿವಿ ಪಳಗುವುದು ಹಾಗೆ.

ಎಷ್ಟು ಹುಡುಕಿದರೂ ಸಿಗದಿದ್ದರೆ?

ಎರಡು ಪದ ಸೇರಿಸಿ ನೋಡಬಹುದು. 'ಪೊಯೆಟ್' ಪದಕ್ಕೆ 'ನೋ ಇಟ್' ಚೆನ್ನಾಗಿ ಕೂಡುತ್ತದೆ. ಟೈಮ್‌ಗೆ ಲೈನ್ ಎಂಬಂಥ ಅರೆಪ್ರಾಸವೂ ನಡೆಯುತ್ತದೆ. ಅರ್ಥ ಕೆಡಿಸುವ ಪೂರ್ತಿ ಪ್ರಾಸಕ್ಕಿಂತ ಅರ್ಥ ಉಳಿಸುವ ಅರೆಪ್ರಾಸವೇ ನನಗೆ ಮೇಲು.

ಕೆಲವು ಪದಗಳು ಮಾತ್ರ ಒಂಟಿ. 'ಮಂತ್' ಅಂಥದ್ದು. 'ಆರೆಂಜ್'ಗೆ ವೇಲ್ಸ್‌ನಲ್ಲಿ ಬ್ಲಾರೆಂಜ್ ಎಂಬ ಬೆಟ್ಟವಿದೆ. 'ಸಿಲ್ವರ್'ಗೆ ಹೆಣ್ಣು ಕುರಿಮರಿಯನ್ನು ಕರೆಯುವ ಚಿಲ್ವರ್ ಎಂಬ ಅಪರೂಪದ ಪದವಿದೆ. ಮಕ್ಕಳ ಪದ್ಯಕ್ಕೆ ಇವೆರಡೂ ಆಗಿಬರುವುದಿಲ್ಲ. ಅಂಥ ಪದವನ್ನು ಸಾಲಿನ ತುದಿಯಿಂದ ಒಳಗೆ ತಳ್ಳಿ. 'ದ ಮೂನ್ ಈಸ್ ಸಿಲ್ವರ್' ಎಂದು ಮುಗಿಸುವ ಬದಲು 'ದ ಸಿಲ್ವರ್ ಮೂನ್' ಎಂದು ಮುಗಿಸಿ. ಈಗ ಸೂನ್, ಜೂನ್, ಟ್ಯೂನ್, ಸ್ಪೂನ್, ಆಫ್ಟರ್‌ನೂನ್, ಬಲೂನ್ ಎಲ್ಲವೂ ನಿಮ್ಮ ಕೈಯಲ್ಲಿವೆ.